ಕಣ್ಣಿಗೆ ಡ್ರಾಪ್ಸ್ ಬಿಟ್ಟುಕೊಳ್ಳುವವರ ಕೈಪಿಡಿ

ಅಭಿನಂದನೆಗಳು

ಮಿಕ್ಸಿ ಕೊಂಡವರಿಗೂ ಗ್ರೈಂಡರ್ ಕೊಂಡವರಿಗೂ ಕಂಪನಿಯವರು ಮೊದಲ ಪುಟದಲ್ಲೇ ಅಭಿನಂದನೆ ಸಲ್ಲಿಸುತ್ತಾರೆ. ಮೆಡಿಕಲ್ ಸ್ಟೋರಿನಿಂದ ಎರಡೂವರೆ ಎಂ.ಎಲ್.ನ ಗ್ಲಾಕೋಮಾ ಡ್ರಾಪ್ಸ್ ತಂದಿರುವ ನಿಮಗೂ ಆ ಮರ್ಯಾದೆ ಸಲ್ಲಬೇಕು. ಮಿಕ್ಸಿ ಬಂದರೆ ಹತ್ತು ವರ್ಷ ಬಂದೀತು. ಇದು ಅದಕ್ಕಿಂತ ದೀರ್ಘ ಸಂಬಂಧ. ಬಾಟಲಿ ತಿಂಗಳು ತಿಂಗಳು ಬದಲಾಗುತ್ತದೆ, ತಲೆ ಎತ್ತಿ ಕಣ್ಣಿಗೆ ಬಿಟ್ಟುಕೊಳ್ಳುವ ಕೆಲಸ ಬದಲಾಗುವುದಿಲ್ಲ.

ಪೆಟ್ಟಿಗೆ ಒಡೆಯುವ ಮೊದಲು ಒಂದು ವಿಷಯ ಗೊತ್ತಿರಲಿ. ಈ ಔಷಧಿ ಹಾಕಿಕೊಂಡರೆ ನಿಮಗೆ ಏನೂ ಅನ್ನಿಸುವುದಿಲ್ಲ. ದೃಷ್ಟಿ ಚುರುಕಾಗುವುದಿಲ್ಲ, ಪೇಪರಿನ ಅಕ್ಷರ ದಪ್ಪವಾಗುವುದಿಲ್ಲ, ಕಣ್ಣುನೋವು ಹೋಗುವುದಿಲ್ಲ, ಯಾಕೆಂದರೆ ನೋವು ಇರಲೇ ಇಲ್ಲ. ಹಾಕಿಕೊಳ್ಳದೆ ಬಿಟ್ಟರೂ ಏನೂ ಅನ್ನಿಸುವುದಿಲ್ಲ. ಮಂಡಿಗೆ ಎಣ್ಣೆ ತಿಕ್ಕಿಕೊಂಡವರಿಗೆ ಸಂಜೆಯೊಳಗೆ ಹಿತವೋ ಅಹಿತವೋ ತಿಳಿದುಬಿಡುತ್ತದೆ. ಇಲ್ಲಿ ಹತ್ತು ವರ್ಷ ನಿಷ್ಠೆಯಿಂದ ದುಡಿದವರಿಗೆ ಸಿಗುವ ಬಹುಮಾನ, ಮೊದಲಿದ್ದದ್ದು ಹಾಗೇ ಉಳಿಯುವುದು. ಇಷ್ಟಕ್ಕೆ ಒಪ್ಪುವವರು ಮುಂದೆ ಓದಿ. ಒಪ್ಪದವರೇ ನಿಜವಾಗಿ ಓದಬೇಕಾದವರು, ಅವರೂ ಓದಿ. ಈ ಕೈಪಿಡಿಗೂ ಡಾಕ್ಟರ ಚೀಟಿಗೂ ಜಗಳ ಬಂದರೆ ಚೀಟಿಯೇ ಗೆದ್ದಿತೆಂದು ತಿಳಿಯತಕ್ಕದ್ದು.

ಯಂತ್ರದ ಪರಿಚಯ

ಕಣ್ಣಿನ ಒಳಗೆ, ಮುಂಭಾಗದಲ್ಲಿ, ನೀರಿನಂಥ ದ್ರವವೊಂದು ಹಗಲೂ ರಾತ್ರಿ ಊರುತ್ತಿರುತ್ತದೆ. ಇದು ಕಣ್ಣೀರಲ್ಲ. ಕಣ್ಣೀರು ಹೊರಗಿನ ವ್ಯವಹಾರ, ಅದಕ್ಕೆ ಈರುಳ್ಳಿ, ಧಾರಾವಾಹಿ, ಮಗಳ ಮದುವೆ ಇತ್ಯಾದಿ ಕಾರಣಗಳಿವೆ. ಒಳಗಿನ ನೀರು ಪಾಪೆಯ ಮೂಲಕ ಮುಂದೆ ಬಂದು, ಕರಿಗುಡ್ಡೆಯ ಅಂಚಿನ ಮೂಲೆಯಲ್ಲಿರುವ ಸಣ್ಣ ಜಾಲರಿಯಲ್ಲಿ ಸೋಸಿ ರಕ್ತಕ್ಕೆ ಸೇರಿಕೊಳ್ಳುತ್ತದೆ. ಬಚ್ಚಲಲ್ಲಿ ನಲ್ಲಿ ಸುರಿಯುತ್ತಲೇ ಇದೆ, ಜಾಲರಿಗೆ ಕೂದಲು ಕಟ್ಟಿದೆ ಎಂದುಕೊಳ್ಳಿ. ಬಚ್ಚಲಾದರೆ ನೀರು ಹಜಾರಕ್ಕೆ ಹರಿದು ಮನೆಮಂದಿಗೆಲ್ಲ ಸುದ್ದಿ ಮುಟ್ಟಿಸುತ್ತದೆ. ಕಣ್ಣು ಮುಚ್ಚಿದ ಗೋಳ, ಅದು ಯಾರಿಗೂ ಹೇಳದೆ ಒಳಗೊಳಗೇ ಬಿಗಿಯುತ್ತದೆ. ಬಿಗಿತದ ಏಟು ಬೀಳುವುದು ಹಿಂದಿನ ನರಕ್ಕೆ, ಇದೇ ಗ್ಲಾಕೋಮಾ. ಹತ್ತು ಲಕ್ಷಕ್ಕೂ ಮೀರಿದ ಎಳೆಗಳಿರುವ ಆ ನರದಲ್ಲಿ ಸತ್ತ ಎಳೆ ಮತ್ತೆ ಚಿಗುರುವುದಿಲ್ಲ. ಮೊದಲು ಮಸುಕಾಗುವುದು ನೋಟದ ಅಂಚುಗಳು. ನಡುವಿನ ನೋಟ ಕಡೆಯವರೆಗೂ ಚೆನ್ನಾಗಿರುವುದರಿಂದ ಅಂಚು ಹೋದದ್ದು ತಿಳಿಯುವುದಿಲ್ಲ. ಪಕ್ಕದಿಂದ ಬಂದ ಸ್ಕೂಟರಿನವನನ್ನು ಬೈದು ಸುಮ್ಮನಾಗುತ್ತೀರಿ.

ಈ ಬಿಗಿತಕ್ಕೆ ಕಣ್ಣಿನ ಒತ್ತಡವೆಂದು ಹೆಸರು, ಡ್ರಾಪ್ಸ್ ಇಳಿಸುವುದು ಅದನ್ನೇ. ಸಾಮಾನ್ಯವಾಗಿ ಅದು 10ರಿಂದ 21 ಮಿಲಿಮೀಟರ್ ಪಾದರಸದ ಒಳಗಿರುತ್ತದೆ. ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿಪಿಯೇ ಬೇರೆ, ಇದೇ ಬೇರೆ. "ಬಿಪಿ ಮಾತ್ರೆ ತಗೋತಾ ಇದೀನಲ್ಲ, ಕಣ್ಣಿಂದೂ ಅದರಲ್ಲೇ ಇಳಿಯುತ್ತೆ" ಎಂಬ ಉಳಿತಾಯ ಯೋಜನೆಗೆ ಇಲ್ಲಿ ಅವಕಾಶವಿಲ್ಲ. ಹಾಗೆಂದು 21 ಲಕ್ಷ್ಮಣರೇಖೆಯೂ ಅಲ್ಲ. ಅದನ್ನು ದಾಟಿಯೂ ನರ ಚೆನ್ನಾಗಿರುವವರಿದ್ದಾರೆ, ಅದರ ಒಳಗೇ ಇದ್ದು ನರ ಕಳೆದುಕೊಂಡವರೂ ಇದ್ದಾರೆ. ಒತ್ತಡ ಮಾತ್ರ ಹೆಚ್ಚಿದ್ದು ನರಕ್ಕೆ ಪೆಟ್ಟು ಬೀಳದವರನ್ನು ಅಮೆರಿಕದಲ್ಲಿ ಎರಡು ಗುಂಪು ಮಾಡಿ, ಒಂದಕ್ಕೆ ಡ್ರಾಪ್ಸ್ ಕೊಟ್ಟು, ಇನ್ನೊಂದನ್ನು ಬರೀ ಗಮನಿಸಿದರು. 2002ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಐದು ವರ್ಷಗಳಲ್ಲಿ ಡ್ರಾಪ್ಸ್ ಇಲ್ಲದವರಲ್ಲಿ ಶೇ. 9.5 ಮಂದಿಗೆ ಗ್ಲಾಕೋಮಾ ಬಂತು, ಹಾಕಿಕೊಂಡವರಲ್ಲಿ ಶೇ. 4.4 ಮಂದಿಗೆ. ಔಷಧಿಯಿಂದ ಅರ್ಧಕ್ಕರ್ಧ ಲಾಭ ನಿಜ. ಔಷಧಿ ಇಲ್ಲದೆಯೂ ನೂರಕ್ಕೆ ತೊಂಬತ್ತು ಮಂದಿ ಪಾರಾದದ್ದೂ ಅಷ್ಟೇ ನಿಜ. ಆದ್ದರಿಂದ ಡಾಕ್ಟರು "ಸದ್ಯಕ್ಕೆ ಡ್ರಾಪ್ಸ್ ಬೇಡ, ಆರು ತಿಂಗಳು ಬಿಟ್ಟು ಬನ್ನಿ" ಎಂದರೆ ಅದು ಉದಾಸೀನವಲ್ಲ, ಲೆಕ್ಕಾಚಾರ. ಬಿಟ್ಟು ಬರುವುದನ್ನು ಮಾತ್ರ ಮರೆಯಬಾರದು.

ಅಳವಡಿಸುವ ವಿಧಾನ

ಕೈ ತೊಳೆದುಕೊಳ್ಳಿ. ಕುರ್ಚಿಯಲ್ಲಿ ಕೂತು ಕತ್ತು ಹಿಂದಕ್ಕೆ ಚೆಲ್ಲಿ, ಇಲ್ಲವೆ ಮಂಚದ ಮೇಲೆ ಅಂಗಾತ ಮಲಗಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದಿಡಿ. ತೋರುಬೆರಳಿನಿಂದ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದರೆ ಒಳಗೆ ಕೆಂಪಗೆ ಒಂದು ಪುಟ್ಟ ಜೇಬು ತೆರೆದುಕೊಳ್ಳುತ್ತದೆ. ಹನಿ ಬೀಳಬೇಕಾದ ಜಾಗ ಅದು. ಈಗ ಮೇಲೆ ನೋಡಿ. ಸೀಲಿಂಗ್ ಫ್ಯಾನ್ ಕಾಣುತ್ತದೆ, ಅದರ ರೆಕ್ಕೆಯ ಅಂಚಿನಲ್ಲಿ ದೀಪಾವಳಿಯಿಂದೀಚೆಗೆ ಕೂತ ಧೂಳೂ ಕಾಣುತ್ತದೆ. ಧೂಳಿನ ವಿಷಯ ಈಗ ಎತ್ತಬೇಡಿ. ಬಾಟಲಿ ಹಿಡಿದಿರುವವರು ಅದೇ ಫ್ಯಾನ್ ಒರೆಸಬೇಕಾದವರು.

ಒಬ್ಬರೇ ಬಿಟ್ಟುಕೊಳ್ಳುವುದು ಸಾಧ್ಯ, ಆದರೆ ನಮ್ಮ ಮನೆಗಳಲ್ಲಿ ಇದು ಬಹುತೇಕ ದಂಪತಿಗಳು ಸೇರಿ ಮಾಡುವ ಕರ್ಮ. ಅದರ ಮಂತ್ರಭಾಗ ಹೀಗಿರುತ್ತದೆ:

"ಕಣ್ಣು ಬಿಡೀಂದ್ರೆ."

"ಬಿಟ್ಟೇ ಇದೀನಲ್ಲೇ."

"ಬಾಯಿ ಬಿಟ್ಟಿದೀರ. ಕಣ್ಣು ಬಿಡಿ."

ಬಾಟಲಿಯ ತುದಿಯಲ್ಲಿ ಹನಿ ಮೂಡಿ, ಉಬ್ಬಿ, ಬೀಳಲೋ ಬೇಡವೋ ಎಂದು ತೂಗಾಡುವ ಆ ಒಂದು ಗಳಿಗೆಯಲ್ಲಿ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಇದು ಸೃಷ್ಟಿಯ ದೋಷ, ನಿಮ್ಮದಲ್ಲ. ಹನಿ ಕೆನ್ನೆಗೆ, ಕಿವಿಗೆ ಅಥವಾ ದಿಂಬಿಗೆ ಬಿದ್ದಿದ್ದರೆ ಇನ್ನೊಮ್ಮೆ ಬಿಡಬಹುದು. ಕಣ್ಣಿಗೇ ಬಿದ್ದಿದ್ದರೆ "ಒಂದಿರಲಿ ಇನ್ನೊಂದು" ಎಂದು ಬಿಡಬೇಡಿ. ಊಟಕ್ಕೆ ಕೂತವರಿಗೆ ಎರಡನೆಯ ಸಲ ಬಡಿಸದೆ ಎಬ್ಬಿಸಿದ ಚರಿತ್ರೆ ನಮ್ಮಲ್ಲಿಲ್ಲ, ಒಪ್ಪಿದೆ. ಆದರೆ ಕಣ್ಣಿನ ಜೇಬು ಹಿಡಿಸುವುದೇ ಸುಮಾರು ಮೂವತ್ತು ಮೈಕ್ರೋಲೀಟರ್, ಬಾಟಲಿ ಉದುರಿಸುವ ಒಂದು ಹನಿ ಮೂವತ್ತರಿಂದ ಐವತ್ತು. ಮೊದಲ ಹನಿಯೇ ತುಂಬಿ ಹೊರಗೆ ಹರಿಯುತ್ತಿರುವಾಗ ಎರಡನೆಯದು ಸೇರುವುದು ನಿಮ್ಮ ಕಾಲರಿಗೆ. ತಿಂಗಳು ಬರಬೇಕಾದ ಬಾಟಲಿ ಹದಿನೈದು ದಿನಕ್ಕೆ ಮುಗಿಯಿತೆಂದು ಅಂಗಡಿಯವನ ಮೇಲೆ ಅನುಮಾನಪಡುವ ಮನೆಗಳ ಗುಟ್ಟು ಇದು.

ಬಾಟಲಿಯ ತುದಿ ರೆಪ್ಪೆಗೆ, ಕೂದಲಿಗೆ, ಬೆರಳಿಗೆ ತಾಗಕೂಡದು. ಗುರಿ ತಪ್ಪಬಾರದೆಂದು ತುದಿಯನ್ನು ಕಣ್ಣಿಗೇ ಊರಿಕೊಳ್ಳುವ ಧೈರ್ಯಶಾಲಿಗಳಿದ್ದಾರೆ. ಅವರು ಔಷಧಿಯ ಜೊತೆಗೆ ಕಣ್ಣಿನ ಕೀವನ್ನೂ ಮನೆಯಲ್ಲೇ ತಯಾರಿಸಿಕೊಳ್ಳುತ್ತಾರೆ.

ಹನಿ ಬಿದ್ದ ಕೂಡಲೇ ಎಲ್ಲರೂ ಮಾಡುವುದು ಪಟಪಟನೆ ರೆಪ್ಪೆ ಬಡಿಯುವುದು. ಬಡಿದಷ್ಟೂ ಔಷಧಿ ಹೊರಗೆ. ಕಣ್ಣನ್ನು ಹಗುರವಾಗಿ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯಿರಿ. ಅಲ್ಲೊಂದು ಸಣ್ಣ ತೂತಿದೆ. ಅಲ್ಲಿಂದ ಮೂಗಿಗೆ, ಮೂಗಿನಿಂದ ಗಂಟಲಿಗೆ ದಾರಿ. ಡಾರ್ಜೊಲಮೈಡ್, ಬ್ರಿಂಜೊಲಮೈಡ್ ಎಂಬ ಡ್ರಾಪ್ಸ್ ಹಾಕಿಕೊಂಡ ಮೇಲೆ ಕಾಫಿ ಕಹಿಯಾದರೆ ಡಿಕಾಕ್ಷನ್ ಮಾಡಿದವರನ್ನು ದೂರಬೇಡಿ, ಕಣ್ಣಿನ ಔಷಧಿ ನಾಲಿಗೆಗೆ ಇಳಿದಿದೆ. ಕಹಿ ತಮಾಷೆಯ ಮಾತಾಯಿತು. ಟಿಮೊಲಾಲ್ ಅದೇ ದಾರಿಯಲ್ಲಿ ಇಳಿದು ರಕ್ತ ಸೇರಿದರೆ ತಮಾಷೆಯಲ್ಲ. 1978ರಿಂದ ಬಳಕೆಯಲ್ಲಿರುವ, ಅಗ್ಗದ, ಒಳ್ಳೆಯ ಔಷಧಿ ಅದು. ಆದರೆ ಉಬ್ಬಸವಿರುವವರಿಗೆ ಉಸಿರು ಕಟ್ಟಿಸಬಲ್ಲದು, ನಾಡಿ ಮೊದಲೇ ನಿಧಾನವಿದ್ದವರಿಗೆ ಇನ್ನೂ ನಿಧಾನ ಮಾಡಬಲ್ಲದು. "ಕಣ್ಣಿನ ಡಾಕ್ಟರಿಗೆ ಉಬ್ಬಸದ ಕಥೆ ಯಾಕೆ" ಎನ್ನಬೇಡಿ. ಅವರು ಕೇಳದಿದ್ದರೂ ಹೇಳಿ.

ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದು ಹಾಕುತ್ತದೆ. ಗಡಿಯಾರ ನೋಡುವ ತಾಳ್ಮೆಯಿಲ್ಲದವರು ಧಾರಾವಾಹಿಯ ಜಾಹೀರಾತು ನಂಬಬಹುದು. ಒಂದು ವಿರಾಮಕ್ಕೆ ಒಂದು ಬಾಟಲಿ.

ಸಂಗ್ರಹಣೆ

ಲ್ಯಾಟನೊಪ್ರೋಸ್ಟ್ ಬಾಟಲಿಯನ್ನು ತೆರೆಯುವವರೆಗೆ ಸಾಮಾನ್ಯವಾಗಿ ಫ್ರಿಜ್ಜಿನಲ್ಲಿ, ಎರಡರಿಂದ ಎಂಟು ಡಿಗ್ರಿಯಲ್ಲಿ ಇಡಬೇಕು. ತೆರೆದ ಮೇಲೆ ಇಪ್ಪತ್ತೈದು ಡಿಗ್ರಿಯೊಳಗೆ ಹೊರಗಿಟ್ಟರೂ ನಡೆಯುತ್ತದೆ ಎಂದು ಡಬ್ಬಿಯೊಳಗಿನ ಚೀಟಿ ಹೇಳುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ಇಪ್ಪತ್ತೈದು ಡಿಗ್ರಿ ಎಲ್ಲಿ ಸಿಗುತ್ತದೆಂದು ಅದೇ ಚೀಟಿ ಹೇಳುವುದಿಲ್ಲ. ಫ್ರಿಜ್ಜಿನ ಬಾಗಿಲಿನಲ್ಲೇ ಇರಲಿ, ಫ್ರೀಜರಿನಲ್ಲಿ ಬೇಡ. ದೋಸೆ ಹಿಟ್ಟಿನ ಪಾತ್ರೆಯ ಹಿಂದೆ ಸೇರಿಕೊಳ್ಳದಂತೆ ಒಂದು ಲೋಟದಲ್ಲಿ ನಿಲ್ಲಿಸಿ. ಕಿವಿಯ ಡ್ರಾಪ್ಸ್, ಗೋಂದಿನ ಟ್ಯೂಬು ಇವುಗಳನ್ನು ಅದೇ ಲೋಟದಲ್ಲಿಟ್ಟು ಕರೆಂಟ್ ಹೋದಾಗ ತಡಕಾಡಬೇಡಿ. ತೆರೆದ ದಿನದ ತಾರೀಖನ್ನು ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆಯಿರಿ. ಬಹುತೇಕ ಡ್ರಾಪ್ಸ್ ತೆರೆದ ನಾಲ್ಕು ವಾರಕ್ಕೆ, ಕೆಲವು ಆರು ವಾರಕ್ಕೆ ಎಸೆಯಬೇಕಾದವು. ತಳದಲ್ಲಿ ಇನ್ನೂ ಸ್ವಲ್ಪ ಉಳಿದಿದೆ ಎಂದು ಸಂಕಟಪಡುವವರಿಗೆ ಕೈಪಿಡಿಯ ಸಹಾನುಭೂತಿ ಇದೆ, ಅನುಮತಿ ಇಲ್ಲ.

ಊರಿಗೆ ಹೋಗುವಾಗ ಬಾಟಲಿಯೂ ಬರಬೇಕು. ಧರ್ಮಸ್ಥಳದ ರಾತ್ರಿ ಬಸ್ಸಿನಲ್ಲಿ ಶಾಲು, ಚಪಾತಿ, ನೀರು ಎಲ್ಲ ಇದ್ದು ಡ್ರಾಪ್ಸ್ ಮಾತ್ರ ಮನೆಯ ಫ್ರಿಜ್ಜಿನಲ್ಲಿ ಉಳಿದ ಪ್ರಸಂಗಗಳು ಬೇಕಾದಷ್ಟಿವೆ. ಹೊಸ ಬಾಟಲಿ ಕೊಳ್ಳುವಾಗ "ಹಳದಿ ಮುಚ್ಚಳದ್ದು ಕೊಡಪ್ಪಾ" ಎಂದರೆ ಸಾಲದು. ಕಂಪನಿ ಬದಲಾದರೆ ಮುಚ್ಚಳದ ಬಣ್ಣವೂ ಬದಲಾಗಬಹುದು. ಹಳೆಯ ಡಬ್ಬಿ ಜೇಬಿನಲ್ಲಿರಲಿ. ಬೆಲೆ ಭಾರವೆನಿಸಿದರೆ ಜನೌಷಧಿ ಕೇಂದ್ರದಲ್ಲಿ ಔಷಧಿಯ ಮೂಲ ಹೆಸರು ಹೇಳಿ ಕೇಳಿ. ದುಬಾರಿಯೆಂದು ದಿನ ಬಿಟ್ಟು ದಿನ ಹಾಕಿಕೊಳ್ಳುವುದಕ್ಕಿಂತ ಅದು ಮೇಲು.

ಏಕಾದಶಿಯಂದು ಡ್ರಾಪ್ಸ್ ಹಾಕಿಕೊಂಡರೆ ಉಪವಾಸ ಮುರಿಯುತ್ತದೆಯೆ, ಗ್ರಹಣಕಾಲದಲ್ಲಿ ಹಾಕಿಕೊಳ್ಳಬಹುದೆ ಎಂಬ ಪ್ರಶ್ನೆಗಳಿಗೆ ಉತ್ತರ: ಕಣ್ಣಿನೊಳಗಿನ ನೀರಿಗೆ ಪಂಚಾಂಗ ಗೊತ್ತಿಲ್ಲ.

ಉಪಲಾಭಗಳು

ಲ್ಯಾಟನೊಪ್ರೋಸ್ಟ್, ಬೈಮಟೊಪ್ರೋಸ್ಟ್ ಬಳಸುವವರಿಗೆ ಕೆಲವು ತಿಂಗಳಲ್ಲಿ ರೆಪ್ಪೆಗೂದಲು ಉದ್ದವಾಗಿ, ದಟ್ಟವಾಗಿ, ಕಪ್ಪಾಗಿ ಬೆಳೆಯುತ್ತದೆ. ಬೈಮಟೊಪ್ರೋಸ್ಟ್‌ನಲ್ಲಿ ಅಡ್ಡಪರಿಣಾಮವೆಂದು ಕಂಡದ್ದನ್ನೇ 2008ರಲ್ಲಿ ಅಮೆರಿಕದಲ್ಲಿ ಸೌಂದರ್ಯಕ್ಕೆಂದು ಬೇರೆ ಡಬ್ಬಿಯಲ್ಲಿ ಮಾರಲು ಪರವಾನಗಿ ಪಡೆದರು. ಎಪ್ಪತ್ತು ದಾಟಿದ ತಾತನ ಕಣ್ಣು ನೋಡಿ ಮೊಮ್ಮಗಳು ಹೊಟ್ಟೆಕಿಚ್ಚುಪಟ್ಟರೆ ಆಶ್ಚರ್ಯವಿಲ್ಲ. ಒಂದೇ ಕಣ್ಣಿಗೆ ಹಾಕಿಕೊಳ್ಳುವವರಿಗೆ ಒಂದೇ ಕಣ್ಣು ಸುಂದರವಾಗುತ್ತದೆ, ಇನ್ನೊಂದಕ್ಕೆ ಪರಿಹಾರವಿಲ್ಲ. ಕಣ್ಣಿನ ಸುತ್ತ ಚರ್ಮ ಕಪ್ಪಾಗುವುದು, ಕಣ್ಣು ಕೆಂಪಾಗುವುದು, ಬ್ರಿಮೊನಿಡಿನ್‌ನಿಂದ ಬಾಯಿ ಒಣಗಿ ತೂಕಡಿಕೆ ಬರುವುದು, ಇವೂ ಪಟ್ಟಿಯಲ್ಲಿವೆ. ಸಹಿಸಲಾಗದಿದ್ದರೆ ಡಾಕ್ಟರಿಗೆ ಹೇಳಿ, ಅವರ ಬಳಿ ಬೇರೆ ಬಾಟಲಿಗಳಿವೆ. ಹೇಳದೆ ನಿಲ್ಲಿಸಿ, ಮುಂದಿನ ಸಲ "ಹಾಕ್ಕೋತಾನೇ ಇದೀನಿ ಡಾಕ್ಟ್ರೇ" ಎನ್ನುವುದು ರೂಢಿಯಲ್ಲಿದೆ, ಕೈಪಿಡಿಯಲ್ಲಿಲ್ಲ.

ದೋಷಪತ್ತೆ

ಹಾಕಿಕೊಳ್ಳದೆಯೇ ಹಾಕಿಕೊಂಡೆವೆನ್ನುವ ಈ ರೂಢಿ ನಮ್ಮದೊಂದೇ ಅಲ್ಲ. 1980ರ ದಶಕದಲ್ಲಿ ಅಮೆರಿಕದ ಡಾ. ಮೈಕೆಲ್ ಕಾಸ್ ಮತ್ತು ಅವರ ಸಂಗಡಿಗರು ಡ್ರಾಪ್ಸ್ ಬಾಟಲಿಗೆ ಗುಟ್ಟಾಗಿ ಲೆಕ್ಕ ಇಡುವ ಯಂತ್ರ ಜೋಡಿಸಿ ರೋಗಿಗಳಿಗೆ ಕೊಟ್ಟರು. ಪಿಲೋಕಾರ್ಪಿನ್ ಡ್ರಾಪ್ಸ್‌ನಲ್ಲಿ ಶೇ. 97ರಷ್ಟನ್ನು ಹಾಕಿಕೊಂಡೆವೆಂದು ರೋಗಿಗಳು ಹೇಳಿದರು. ಶೇ. 76 ಎಂದಿತು ಯಂತ್ರ. ಮುಂದೆ 2002ರ ಆ ದೊಡ್ಡ ಅಧ್ಯಯನದ ಮುಂದಾಳತ್ವ ವಹಿಸಿದ್ದೂ ಇದೇ ಕಾಸ್. ಡಾಕ್ಟರ ಭೇಟಿಯ ಹಿಂದಿನ ದಿನ ಎಲ್ಲರೂ ಶಿಸ್ತಿನ ಸಿಪಾಯಿಗಳೇ. ಅದರಿಂದಾಗುವ ಅನಾಹುತ ಇಷ್ಟು: ಅವತ್ತು ಒತ್ತಡ ಚೆನ್ನಾಗಿ ಇಳಿದಿರುತ್ತದೆ, ನರ ಮಾತ್ರ ಸವೆಯುತ್ತ ಹೋಗಿರುತ್ತದೆ, ಪಾಪ, ಡಾಕ್ಟರು ಔಷಧಿಯೇ ಸಾಲದೆಂದು ತಿಳಿದು ಇನ್ನೊಂದು ಬಾಟಲಿ ಬರೆಯುತ್ತಾರೆ. ಈಗ ತಪ್ಪಿಸಬೇಕಾದ ಡ್ರಾಪ್ಸ್ ಎರಡಾದವು.

ನೋಟದ ಅಂಚು ಎಷ್ಟು ಉಳಿದಿದೆಯೆಂದು ಅಳೆಯುವ ಫೀಲ್ಡ್ ಟೆಸ್ಟಿನ ಕತ್ತಲೆ ಕೋಣೆಯಲ್ಲಿ ಗಲ್ಲ ಊರಿ, ಬಿಳಿಯ ಬೋಗುಣಿಯೊಳಗೆ ಮಿನುಗುವ ಚುಕ್ಕಿಗಳಿಗೆ ಗುಂಡಿ ಒತ್ತುವಾಗ ಅರ್ಧದಷ್ಟು ಕಾಣುವುದೇ ಇಲ್ಲವೆಂದು ಗಾಬರಿಯಾಗುತ್ತದೆ. ಗಾಬರಿ ಬೇಡ. ಕಂಡೂ ಕಾಣದಷ್ಟು ಮಂದವಾದ ಚುಕ್ಕಿಗಳನ್ನು ತೋರಿಸುವಂತೆಯೇ ಆ ಯಂತ್ರವನ್ನು ಮಾಡಿದ್ದಾರೆ, ಚೆನ್ನಾಗಿರುವ ಕಣ್ಣಿಗೂ ಎಷ್ಟೋ ತಪ್ಪಿಹೋಗುತ್ತವೆ. ಕಾಣದೆಯೂ ಒತ್ತಿ ಪಾಸಾಗಲು ನೋಡುವವರನ್ನು ಅದು ಹಿಡಿದುಹಾಕುತ್ತದೆ. ತೂಕಡಿಸುವವರನ್ನೂ.

ಕಣ್ಣು ಕೆಂಪಾಯಿತು, ತುರಿಸಿತು ಎಂದು ಅಂಗಡಿಯಲ್ಲಿ ಕೈಗೆ ಸಿಕ್ಕ ಡ್ರಾಪ್ಸ್ ತರಬೇಡಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಕೆಂಪು ಎರಡು ದಿನದಲ್ಲಿ ಮಾಯ, ಒತ್ತಡ ವಾರಗಳಲ್ಲಿ ಏರಿಕೆ. ಮನೆಮದ್ದೂ ಬೇಡ: ನಂದಿಬಟ್ಟಲು ಹೂ ದೇವರಿಗೆ ಇರಲಿ, ಜೇನುತುಪ್ಪ ದೋಸೆಗೆ.

"ಆಪರೇಶನ್ ಮಾಡಿಸಿಬಿಟ್ಟರೆ ಮುಗೀತಲ್ಲ" ಎನ್ನುವವರಿಗೆ ಎರಡು ಮಾತು. ಡಾ. ಎಂ.ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ಹಾಕಿ ಪೊರೆ ತೆಗೆದು ಸಾವಿರಾರು ಜನಕ್ಕೆ ನೋಟ ಕೊಟ್ಟ ನಾಡು ನಮ್ಮದು. ಕಟ್ಟು ಬಿಚ್ಚಿದರೆ ಬೆಳಕು ಎಂಬ ನಂಬಿಕೆ ನಮಗೆ ರಕ್ತಗತ. ಗ್ಲಾಕೋಮಾಕ್ಕೂ ಲೇಸರ್ ಇದೆ, ಆಪರೇಶನ್ ಇದೆ. ಅವೂ ಒತ್ತಡ ಇಳಿಸುತ್ತವೆಯೇ ಹೊರತು ಹೋದ ನೋಟವನ್ನು ತರುವುದಿಲ್ಲ. ಆದರೆ ಡ್ರಾಪ್ಸ್‌ಗೆ ಮೊದಲೇ ಲೇಸರ್ ಮಾಡಿಸುವ ದಾರಿಯೊಂದಿದೆ: 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಹಾಗೆ ಮಾಡಿಸಿಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ಮೂರು ವರ್ಷದ ನಂತರವೂ ಡ್ರಾಪ್ಸ್ ಇಲ್ಲದೆಯೇ ಒತ್ತಡ ಹತೋಟಿಯಲ್ಲಿತ್ತು. ಬಾಟಲಿ ನಿಜವಾಗಿಯೂ ಒಗ್ಗದವರು ಇದನ್ನು ಕೇಳಲು ಸಂಕೋಚಪಡಬಾರದು.

ಕಣ್ಣು ಸಿಡಿದುಹೋಗುವಂಥ ನೋವು, ವಾಂತಿ, ದೀಪದ ಸುತ್ತ ಕಾಮನಬಿಲ್ಲಿನ ಬಳೆ ಬಂದರೆ ಕೈಪಿಡಿ ಮುಚ್ಚಿ ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ಅದು ಬೇರೆ ಜಾತಿಯ ಗ್ಲಾಕೋಮಾ, ಬೆಳಗಾಗುವವರೆಗೆ ಕಾಯುವುದಿಲ್ಲ.

ಬಿಡಿಭಾಗಗಳು

ಅಣ್ಣ, ತಮ್ಮ, ಅಕ್ಕ, ತಂಗಿ, ಮಕ್ಕಳು. ಇವರಿಗೂ ಗ್ಲಾಕೋಮಾ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ದಕ್ಷಿಣ ಭಾರತದಲ್ಲಿ ನಡೆದ ಸಮೀಕ್ಷೆಗಳಲ್ಲಿ ಗ್ಲಾಕೋಮಾ ಇದ್ದವರ ಪೈಕಿ ಹತ್ತರಲ್ಲಿ ಒಂಬತ್ತು ಮಂದಿಗೆ ಅದು ತಮಗಿದೆ ಎಂದೇ ಗೊತ್ತಿರಲಿಲ್ಲ. ನಿಮ್ಮ ತಮ್ಮ "ನಂಗೇನಾಗಿದೆ, ಈಗಲೂ ಬಸ್ ಬೋರ್ಡ್ ದೂರದಿಂದ ಓದ್ತೀನಿ" ಎನ್ನುತ್ತಾನೆ. ಓದುತ್ತಾನೆ, ಅಂಚು ಹೋದವರೂ ಬೋರ್ಡ್ ಓದುತ್ತಾರೆ. ಜಗಳವಾಡಬೇಡಿ, ಕರೆದುಕೊಂಡು ಹೋಗಿ. ಕಣ್ಣಿನ ಒತ್ತಡ ನೋಡಿ, ಹಿಂದಿನ ನರವನ್ನೂ ನೋಡಿ ಎಂದು ಬಾಯಿಬಿಟ್ಟು ಕೇಳಿ. ಕನ್ನಡಕದ ಅಂಗಡಿಯಲ್ಲಿ ಗೋಡೆಯ ಅಕ್ಷರ ಓದಿಸಿ ಕಳಿಸಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ.