ಲುಮುಂಬಾ ಮಾಮ

ಪರದೇಶದಲ್ಲಿ ಓದಿ ಬಂದವರು ಮಂಗಳೂರಿನ ನಮ್ಮ ಕಂಕನಾಡಿಯಲ್ಲಿ ಅಪರೂಪವಲ್ಲ. ಬೈಪಾಸ್ ರಸ್ತೆಯ ಯಾವ ಅಪಾರ್ಟ್‌ಮೆಂಟಿನ ಲಿಫ್ಟ್ ಹತ್ತಿದರೂ ಒಬ್ಬರಾದರೂ ಸಿಗುತ್ತಾರೆ. ಲಂಡನ್ನಿನಿಂದ ಎಫ್‌ಆರ್‌ಸಿಎಸ್ ತಂದ ಡಾಕ್ಟರರದು ಮಾತು ಕಡಿಮೆ, ಫೀಸು ಜಾಸ್ತಿ. ಅಮೆರಿಕದಲ್ಲಿ ಓದಿದವರು ವರ್ಷಕ್ಕೆ ಆರು ತಿಂಗಳು ಅಲ್ಲೇ ಮಗನ ಮನೆಯಲ್ಲಿರುವುದರಿಂದ ನಮಗೆ ಅರ್ಧ ವರ್ಷದ ವಿನಾಯಿತಿ. ಹನ್ನೆರಡು ತಿಂಗಳೂ ಕೈಗೆ ಸಿಗುವವರೆಂದರೆ ಮಾಸ್ಕೋದಲ್ಲಿ ಓದಿ ಬಂದವರು.

ಇವರಿಗೆ ಉಳಿದವರಿಗಿಲ್ಲದ ಒಂದು ಸೌಕರ್ಯ ಉಂಟು. ಲಂಡನ್ನಿನವರು ಒಂದಿಷ್ಟು ಉಪ್ಪುಖಾರ ಹಚ್ಚಿದರೆ ಅಲ್ಲೇ ಇರುವ ಸೊಸೆ ವಾಟ್ಸಾಪಿನಲ್ಲಿ ಫೋಟೊ ಕಳಿಸಿ ಮಾನ ಕಳೆಯುತ್ತಾಳೆ. ಮಾಸ್ಕೋದವರು ಓದಿದ ದೇಶವೇ 1991ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಸಾಕ್ಷಿ ಕೇಳುವುದಾದರೂ ಯಾರನ್ನು?

ನಮ್ಮ ಮೂರನೇ ಮಹಡಿಯವರು ಈ ಜಾತಿಯ ಅಪ್ಪಟ ಮಾದರಿ. 1979ರಲ್ಲಿ ಮಾಸ್ಕೋದ ಲುಮುಂಬಾ ವಿಶ್ವವಿದ್ಯಾಲಯ ಸೇರಿ, ಒಂದು ವರ್ಷ ಬರೀ ರಷ್ಯನ್ ಭಾಷೆ ಕಲಿತು, ಮತ್ತೈದು ವರ್ಷ ಎಂಜಿನಿಯರಿಂಗ್ ಓದಿ, ಪಣಂಬೂರಿನ ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಹೆಸರಿಗೊಂದು ಹೆಸರುಂಟು, ಆದರೆ ಮಕ್ಕಳ ಬಾಯಲ್ಲಿ ‘ಲುಮುಂಬಾ ಮಾಮ’. 1961ರಲ್ಲಿ ಕೊಲೆಯಾದ ಕಾಂಗೋ ದೇಶದ ಮೊದಲ ಪ್ರಧಾನಿಯ ಹೆಸರು ಅದು ಎಂದು ಮಾಮ ಎಷ್ಟು ಸಲ ಹೇಳಿದರೂ, ಗೇಟಿನ ಕಾವಲುಗಾರ ಅದನ್ನು ಅವರ ಮನೆತನದ ಹೆಸರೆಂದೇ ನಂಬಿದ್ದಾನೆ. ಸೋವಿಯತ್ ಒಕ್ಕೂಟ ಮುಳುಗಿದ ಮೇಲೆ ವಿಶ್ವವಿದ್ಯಾಲಯದ ಹೆಸರಿನಿಂದ ಲುಮುಂಬಾರನ್ನು ತೆಗೆದಿದ್ದರು. 2023ರಲ್ಲಿ ಮತ್ತೆ ಸೇರಿಸಿದರು. ಆ ಸುದ್ದಿ ಬಂದ ಸಂಜೆ ಮಾಮ ಮನೆಮನೆಗೆ ಲಡ್ಡು ಹಂಚಿದರು. ಮೊಮ್ಮಗ ಹುಟ್ಟಿರಬೇಕೆಂದುಕೊಂಡು ಎಲ್ಲರೂ ಮಗುವಿನ ತೂಕ ವಿಚಾರಿಸಿದರು.

ಅವರ ಬಳಿ ಆ ಕಾಲದ ಒಂದು ತುಪ್ಪಳದ ಟೋಪಿ ಉಂಟು, ಕಿವಿ ಮುಚ್ಚುವಂಥದ್ದು. ಬೆವರು ಒರೆಸುತ್ತಲೇ ದೊಡ್ಡವರಾಗುವ ನಮ್ಮೂರಿನಲ್ಲಿ ಅದಕ್ಕೆ ಕೆಲಸವಿಲ್ಲ. ಆಟಿಯ ಮಳೆಗೆ ಬೂಷ್ಟು ಹಿಡಿಯುವುದರಿಂದ ಬಿಸಿಲು ಕಂಡ ಗಳಿಗೆ ತಾರಸಿಗೆ ಹೋಗಿ ಹಪ್ಪಳದ ಪಕ್ಕದಲ್ಲಿ ಒಣಗಲು ಕೂರುತ್ತದೆ. ಎರಡನೇ ಮಹಡಿಯ ಬೆಕ್ಕು ಅದರೊಂದಿಗೆ ಹಲವು ಸಲ ಯುದ್ಧ ಮಾಡಿ ಸೋತಿದೆ.

ಸಂಜೆ ಐದಕ್ಕೆ ಮಾಮ ಕೆಳಗಿಳಿದರೆ ಮೊದಲ ಬಲಿ ನರ್ಸಿಂಗ್ ಕಲಿತು ಜರ್ಮನಿಗೆ ಹೊರಟ ಹುಡುಗಿಯರು. (ಫಾದರ್ ಮುಲ್ಲರ್ ಜರ್ಮನಿಯಲ್ಲಿ ಹುಟ್ಟಿ ಕಂಕನಾಡಿಗೆ ಬಂದು ಔಷಧ ಕೊಡಲು ತೊಡಗಿದ್ದು 1880ರಲ್ಲಿ. ಆ ಸಾಲವನ್ನು ಈ ಹುಡುಗಿಯರು ಬಡ್ಡಿ ಸಮೇತ ತೀರಿಸುತ್ತಿದ್ದಾರೆ ಎಂದು ನನ್ನ ಅಂದಾಜು.) “ಅಲ್ಲಿ ಚಳಿ ಎಷ್ಟಮ್ಮ?” ಎಂದು ಮಾಮ ವಿಚಾರಿಸುತ್ತಾರೆ. “ಮೈನಸ್ ಐದು ಅಂತೆ ಅಂಕಲ್” ಎಂದು ಪಾಪದ್ದು ಹೇಳುತ್ತದೆ. “ಹೋ, ಅದು ನಾವು ಬೀದಿಯಲ್ಲಿ ನಿಂತು ಐಸ್‌ಕ್ರೀಮ್ ತಿನ್ನುವ ಹವೆ!” ಅಲ್ಲಿಂದ ಮಾತು 90 ರೂಬಲ್ ಸ್ಟೈಪೆಂಡಿಗೆ, ಐದು ಕೊಪೆಕ್‌ನ ಮೆಟ್ರೋ ಟಿಕೇಟಿಗೆ ಹರಿಯುತ್ತದೆ. ಮೆಟ್ರೋ ಬಂತೆಂದರೆ ಪಂಪ್‌ವೆಲ್ ಮೇಲ್ಸೇತುವೆ ಬರಲೇಬೇಕು. 1931ರಲ್ಲಿ ತೀರ್ಮಾನಿಸಿ 1935ರ ಮೇ 15ಕ್ಕೆ 13 ನಿಲ್ದಾಣಗಳನ್ನು ನೆಲದಡಿಯಲ್ಲಿ ತೆರೆದವರೆಲ್ಲಿ, ಒಂದು ಮೇಲ್ಸೇತುವೆಗೆ ಹತ್ತು ವರ್ಷ ಎಳೆದು 2020ರ ಜನವರಿ 31ಕ್ಕೆ ಮುಗಿಸಿದ ನಾವೆಲ್ಲಿ! ಅಲ್ಲಿ ಕೆಲಸದ ಉಸ್ತುವಾರಿಗೆ ಸ್ಟಾಲಿನ್ ಇದ್ದ ಎಂಬ ವಿವರ ಮಾಮನ ಲೆಕ್ಕದಲ್ಲಿ ಬರುವುದಿಲ್ಲ.

ಸೋವಿಯತ್ ನಾಯಕರನ್ನೂ ಅವರು ಬಿಟ್ಟವರಲ್ಲ. “ನಾನು ಅಲ್ಲಿದ್ದಾಗಲೇ ಮೂವರು ಹೋದರು ಮಾರಾಯ್ರೆ. 1982ರಲ್ಲಿ ಬ್ರೆಜ್ನೆವ್, 1984ರಲ್ಲಿ ಆಂಡ್ರೊಪೊವ್, 1985ರಲ್ಲಿ ಚೆರ್ನೆಂಕೊ.” ಇದನ್ನು ಕೇಳಿದ ಮೇಲೆ ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಶನ್ ಅಧ್ಯಕ್ಷರು ಸಭೆಯಲ್ಲಿ ಅವರ ಪಕ್ಕ ಕೂರುವುದಿಲ್ಲ.

ಆದರೆ ಮಾಮನ ಮಹಾಕಾವ್ಯವೆಂದರೆ 1980ರ ಒಲಿಂಪಿಕ್ಸ್. ಭಾಸ್ಕರನ್ ನಾಯಕರಾಗಿದ್ದ, ನಮ್ಮ ಕೊಡಗಿನ ಸೋಮಯ್ಯ ಆಡಿದ ಹಾಕಿ ತಂಡ ಸ್ಪೇನನ್ನು 4-3ರಿಂದ ಸೋಲಿಸಿ ಚಿನ್ನ ಗೆದ್ದ ಕತೆ. ನಾನು ಮೊದಲು ಕೇಳಿದಾಗ ಮಾಮ ಅದನ್ನು ಹಾಸ್ಟೆಲಿನ ಟಿ.ವಿ.ಯಲ್ಲಿ ನೋಡಿದ್ದರು. ಮುಂದಿನ ಮಳೆಗಾಲಕ್ಕೆ ಗ್ಯಾಲರಿಯ ಕೊನೆಯ ಸಾಲಿಗೆ ಬಂದರು. ಕೊರೊನಾ ಮುಗಿಯುವ ಹೊತ್ತಿಗೆ ಮೊದಲ ಸಾಲು. ಕಳೆದ ವರ್ಷ ಗೆರೆಯ ಪಕ್ಕದಲ್ಲೇ ನೀರಿನ ಬಾಟಲಿ ಹಿಡಿದು ನಿಂತಿದ್ದರು. ಇನ್ನೆರಡು ವರ್ಷ ತಡೆದರೆ ಭಾರತದ ಐದನೇ ಗೋಲು ಇವರೇ ಬಾರಿಸುತ್ತಿದ್ದರು.

ಇಷ್ಟಾಗಿ, ಅಂದು ಊರಿಗೆ ಬರೆದ ಕಾಗದಗಳಲ್ಲಿ ಹಾಕಿಯೂ ಇಲ್ಲ, ಮೆಟ್ರೋವೂ ಇಲ್ಲ. ಅವರ ಅಕ್ಕ ಕಟ್ಟಿಟ್ಟ ಆ ಕಂತೆಯನ್ನು ಮಾಮಿ ಒಮ್ಮೆ ನನ್ನ ಮುಂದೆ ಬಿಚ್ಚಿದರು. ಎಲ್ಲದರಲ್ಲೂ ಒಂದೇ ರಾಗ: ಮಿಡಿ ಉಪ್ಪಿನಕಾಯಿ ಕಳಿಸಿ, ಇಲ್ಲಿ ಬರೀ ಬಟಾಟೆ, ಕಂಕನಾಡಿಯೇ ಚಂದ. “ಅಲ್ಲಿದ್ದಾಗ ಕಂಕನಾಡಿ, ಇಲ್ಲಿದ್ದಾಗ ಮಾಸ್ಕೋ. ನಾನು ಇವರ ಜೊತೆ ಯಾವ ಊರಲ್ಲಿ ಸಂಸಾರ ಮಾಡಿದೆ ಅಂತ ಇವತ್ತಿಗೂ ಗೊತ್ತಿಲ್ಲ” ಎಂದರು ಮಾಮಿ.

ಮೊಣಕಾಲು ನೋವು, ಸಕ್ಕರೆ, ನಿದ್ದೆ ಬಾರದ್ದು, ಮಾಮನಿಗೆ ಎಲ್ಲವೂ ಉಂಟು. ಶನಿವಾರ ರಾತ್ರಿ ಹಳೆಯ ಸಹಪಾಠಿಗಳ ವಿಡಿಯೊ ಕಾಲ್ ಬಂದಾಗ ಮಾತ್ರ ಯಾವುದೂ ಇಲ್ಲ. ಢಾಕಾದಿಂದ ಒಬ್ಬ, ಕಠ್ಮಂಡುವಿನಿಂದ ಒಬ್ಬ, ನೈರೋಬಿಯಿಂದ ಒಬ್ಬ, ಎಲ್ಲ ಬೋಳು ತಲೆಗಳು, ಎಲ್ಲರೂ ರಷ್ಯನ್ ಭಾಷೆಯಲ್ಲಿ ಒಟ್ಟಿಗೆ ಬೊಬ್ಬೆ. ಮಾಮ ಟೋಪಿ ಹಾಕಿಕೊಂಡು, ಫ್ಯಾನ್ ಐದರಲ್ಲಿಟ್ಟು, ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕಾಲು ಚಾಚಿ ಕುಣಿಯುತ್ತಾರೆ. ಕೆಳಗಿನ ಮನೆಯವರು ಮೊದಲ ಸಲ ಆಂಬುಲೆನ್ಸ್ ಕರೆದಿದ್ದರು.

ಇಂಥ ಒಂದು ಶನಿವಾರ ಕಠ್ಮಂಡುವಿನವ ಹಳೆಯ ಫೋಟೊ ಕಳಿಸಿ ಕೆಡಿಸಿದ. ಬಯಲಿನಲ್ಲೊಂದು ಅರ್ಧ ಕಟ್ಟಿದ ಕೊಟ್ಟಿಗೆ, ಕೈಯಲ್ಲಿ ಕರಣೆ ಹಿಡಿದ ಮಾಮ, ಹಿಂದೆ ದನಗಳು. ಕೆಳಗೆ ಬರೆದಿತ್ತು: ಜುಲೈ 1980. ಒಲಿಂಪಿಕ್ಸ್ ಸಮಯದಲ್ಲಿ ವಿದ್ಯಾರ್ಥಿಗಳನ್ನು ಮಾಸ್ಕೋದಿಂದ ಹೊರಗೆ ಕಟ್ಟಡ ಕೆಲಸದ ತಂಡಗಳಿಗೆ ಸಾಗಹಾಕಿದ್ದರಂತೆ. ಹಾಕಿ ಆಟ ಎಲ್ಲೋ, ಮಾಮ ಎಲ್ಲೋ.

ನಾವು ಸಣ್ಣದೊಂದು ಸಂತಾಪಕ್ಕೆ ತಯಾರಾಗಿ ಹೋದೆವು. ಮಾಮ ಆ ಫೋಟೊವನ್ನು ಆಗಲೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದರು. “ಸೊಂಟ ನೋಡಿ ಮಾರಾಯ್ರೆ! ದಿನಕ್ಕೆ ಸಾವಿರ ಇಟ್ಟಿಗೆ!” ಭಾಸ್ಕರನ್, ಸ್ಪೇನ್, ನಾಲ್ಕು ಗೋಲು, ಒಂದೇ ರಾತ್ರಿಯಲ್ಲಿ ಎಲ್ಲ ಮಾಯ. ಸೋಮವಾರದ ಹೊತ್ತಿಗೆ ಸಾವಿರವಿದ್ದದ್ದು ಎರಡು ಸಾವಿರವಾಗಿತ್ತು.

ಆ ವಾರವೇ ನಮ್ಮ ಕಾಂಪೌಂಡಿನ ಗೋಡೆ ದುರಸ್ತಿ ನಡೆದಿತ್ತು. ಮಾಮ ಲುಂಗಿ ಎತ್ತಿ ಕಟ್ಟಿ ಇಳಿದರು. ಕೊಪ್ಪಳದಿಂದ ಬಂದ ಮೇಸ್ತ್ರಿ ಕೈಮುಗಿದ: “ಸರಾ, ಇದು ನಿಮ್ಮ ರಷ್ಯಾದ ಇಟ್ಟಂಗಿ ಅಲ್ರಿ, ಮಂಗಳೂರ ಕೆಂಪುಕಲ್ಲು. ಒಬ್ಬರ ಕೈಲೆ ಆಗೂದಿಲ್ಲ.” ಮಾಮ ಕೇಳಲಿಲ್ಲ. ತುಕ್ಕು ಬಣ್ಣದ ಧೂಳು ಮೆತ್ತಿಕೊಂಡು, ಯಾವುದೋ ರಷ್ಯನ್ ಹಾಡು ಗುನುಗುತ್ತಾ, ಮಧ್ಯಾಹ್ನದೊಳಗೆ ಮೂರು ಸಾಲು ಕಟ್ಟಿಯೇ ಬಿಟ್ಟರು. ಮೊಣಕಾಲಿನ ಡಾಕ್ಟರಿಗೆ ಈ ವಿಷಯ ಹೇಳಬಾರದೆಂದು ನಮ್ಮಿಂದ ಆಣೆ ತೆಗೆದುಕೊಂಡರು.

ಗೋಡೆಯ ಅಷ್ಟು ಭಾಗ ಈಗ ರಸ್ತೆಯ ಕಡೆಗೆ ಹೊಟ್ಟೆ ಬಿಟ್ಟುಕೊಂಡಿದೆ. ಅದಕ್ಕೆ ಒರಗಿಸಿ ಯಾರೂ ಸ್ಕೂಟರ್ ನಿಲ್ಲಿಸಬಾರದು, ಅಪಾಯವಾದರೆ ತಾವು ಜವಾಬ್ದಾರರಲ್ಲ ಎಂದು ಅಸೋಸಿಯೇಶನ್ ದೊಡ್ಡ ಅಕ್ಷರದಲ್ಲಿ ಬೋರ್ಡು ಹಾಕಿಸಿತು. ಮಾಮ ಅದರ ಪಕ್ಕದಲ್ಲಿ ಟೋಪಿ ಧರಿಸಿ ನಿಂತು ಫೋಟೊ ತೆಗೆಸಿ ಸಹಪಾಠಿಗಳಿಗೆ ಕಳಿಸಿದರು. ಬೋರ್ಡು ಕನ್ನಡದಲ್ಲಿದ್ದುದರಿಂದ ಢಾಕಾದಿಂದಲೂ ನೈರೋಬಿಯಿಂದಲೂ ಅಭಿನಂದನೆಗಳು ಬಂದವು.