ಓದದವರ ಒಪ್ಪಂದ

ಪುಸ್ತಕ ಹಂಚುವ ಬೋಧಕರಿಗೂ ಪುಸ್ತಕ ಸುಡುವ ಧರ್ಮರಕ್ಷಕರಿಗೂ, ಕೋಲಾರ ಜಿಲ್ಲೆಯ ಒಬ್ಬ ಓದುಗನ ನಮಸ್ಕಾರಗಳು.

ಇಬ್ಬರಿಗೂ ಸೇರಿಸಿ ಒಂದೇ ಕಾಗದ ಬರೆದೆನೆಂದು ಬೇಸರಿಸಬೇಡಿ. ನೀವು ಒಬ್ಬರ ಮುಖ ಒಬ್ಬರು ನೋಡದಿದ್ದರೂ ಒಂದು ವಿಷಯದಲ್ಲಿ ನಿಮ್ಮದು ಅಪೂರ್ವ ಒಮ್ಮತ: ಕ್ರೈಸ್ತನಲ್ಲದವನು ಬೈಬಲ್ ಓದಿ ಆಗಬೇಕಾದದ್ದೇನೂ ಇಲ್ಲ.

ಬೋಧಕರೇ, ಪವಿತ್ರಾತ್ಮನ ನೆರವಿಲ್ಲದವನಿಗೆ ದೇವರ ವಿಷಯಗಳು ಹುಚ್ಚುಮಾತಾಗಿ ಕಾಣುತ್ತವೆ ಎಂದು ಪೌಲನು ಕೊರಿಂಥದವರಿಗೆ ಬರೆದದ್ದನ್ನು ನೀವು ಆಗಾಗ ನೆನಪಿಸುತ್ತೀರಿ. ಸಂತೋಷ. ಹಾಗಾದರೆ ನಂಬದವರ ಬಾಗಿಲನ್ನೇ ಹುಡುಕಿಕೊಂಡು ಬಂದು ಪುಸ್ತಕ ಕೊಡುವುದೇಕೆ? ಕೊಟ್ಟ ಪುಸ್ತಕದ ಮೇಲೆ ಎರಡು ಪ್ರಶ್ನೆ ಕೇಳಿದ ಕೂಡಲೇ, ‘ನಿಮಗೆ ಅರ್ಥವಾಗುವುದಿಲ್ಲ, ಮೊದಲು ನಂಬಿ’ ಎನ್ನುವುದೇಕೆ?

ಧರ್ಮರಕ್ಷಕರೇ, 2021ರ ಡಿಸೆಂಬರ್‌ನಲ್ಲಿ ಶ್ರೀನಿವಾಸಪುರದಲ್ಲಿ ಮನೆಮನೆಗೆ ಹಂಚಲು ತಂದ ಕ್ರೈಸ್ತ ಪುಸ್ತಕಗಳಿಗೆ ಬೆಂಕಿ ಬಿತ್ತು. ಸುಟ್ಟವರಲ್ಲಿ ಎಷ್ಟು ಮಂದಿ ಅವನ್ನು ಓದಿದ್ದರೋ! ನಾಲ್ಕು ಪುಟ ಓದಿದರೆ ಕುಸಿದುಬೀಳುವಷ್ಟು ಟೊಳ್ಳು ನಮ್ಮ ಧರ್ಮ ಎಂದು ಅದರ ವಿರೋಧಿಗಳೂ ಹೇಳಿರಲಿಲ್ಲ. ಆ ಮಾತನ್ನು ನೀವು ಬೆಂಕಿ ಹಚ್ಚಿ ಹೇಳಿದಿರಿ. ಹಂಚುವುದೂ ಸುಡುವುದೂ ಸಮಾನ ತಪ್ಪೆಂದು ನಾನು ತೂಗುತ್ತಿಲ್ಲ. ಒಂದು ಹಕ್ಕು, ಇನ್ನೊಂದು ಅಪರಾಧ.

ಇನ್ನು ನಿಮ್ಮಿಬ್ಬರಿಗೂ ತೊಂದರೆ ಕೊಡುವ ಕೆಲವರಿದ್ದಾರೆ. ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವಾಗಿಸಿದರು, ಕ್ರೈಸ್ತರಾಗಲಿಲ್ಲ. ಬುದ್ಧನ ಕೊನೆಗಾಲವನ್ನು ‘ವೈಶಾಖಿ’ಯಲ್ಲಿ ಬರೆದರು; ಬೌದ್ಧರೂ ಆಗಲಿಲ್ಲ. ನಮ್ಮ ಮುಳಬಾಗಿಲಿನಲ್ಲೇ ಹುಟ್ಟಿದ ಡಿವಿಜಿ ಉಮರ್ ಖಯ್ಯಾಮನನ್ನು ‘ಉಮರನ ಒಸಗೆ’ಯಾಗಿ ಕನ್ನಡಕ್ಕೆ ತಂದರು, ಮುಂದೆ ಭಗವದ್ಗೀತೆಗೂ ತಾತ್ಪರ್ಯ ಬರೆದರು. ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಪಾದ್ರಿಗಳು ದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದರು. ತಂಬೂರಿ ಹಿಡಿದು ದಾಸರಾಗಲಿಲ್ಲ. ಇವರೆಲ್ಲ ಯಾರ ಅಪ್ಪಣೆ ಪಡೆದು ಅರ್ಥ ಮಾಡಿಕೊಂಡರು?

ಬೈಬಲಿನೊಳಗಿನ ಸಾಕ್ಷಿಯೂ ನಿಮಗೆ ಅನುಕೂಲವಾಗಿಲ್ಲ. ಕ್ರಿಸ್ತನ ಜೊತೆಗೇ ತಿರುಗಾಡಿದ ಶಿಷ್ಯರು ಗೆತ್ಸೆಮನೆಯಲ್ಲಿ ನಿದ್ದೆ ಹೋದರು. ಪೇತ್ರನು ಕೋಳಿ ಕೂಗುವ ಮುಂಚೆ ಮೂರು ಸಲ ಗುರುವನ್ನೇ ಅರಿಯೆನೆಂದ. ಶಿಲುಬೆಯ ಬುಡದಲ್ಲಿ ನಿಂತು ಆ ಗುರು ಯಾರೆಂದು ಗುರುತಿಸಿ ನುಡಿದವನು ರೋಮಿನ ಒಬ್ಬ ಶತಾಧಿಪತಿ, ಸಭೆಗೆ ಸೇರದ ಹೊರಗಿನವನು.

ನಂಬಿ ಮೊಣಕಾಲೂರುವವನಿಗೆ ಆ ಪುಟಗಳಲ್ಲಿ ಸಿಗುವ ಸಾಂತ್ವನ ನನ್ನಂಥವನಿಗೆ ಸಿಗದೇ ಹೋಗಬಹುದು, ಒಪ್ಪಿದೆ. ಆದರೆ ಗಾಯಗೊಂಡು ದಾರಿಯಲ್ಲಿ ಬಿದ್ದವನನ್ನು ಪುರೋಹಿತ ದಾಟಿಹೋದ, ಪರಕೀಯನಾದ ಸಮಾರ್ಯದವನು ಎತ್ತಿಕೊಂಡ ಎಂಬ ಕಥೆ ತಿಳಿಯಲು ದೀಕ್ಷಾಸ್ನಾನ ಬೇಕಿಲ್ಲ. ಮಾಲೂರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರಿಗೆ ಹೇಳಿದರೂ ಅರ್ಥವಾಗುತ್ತದೆ. ಅರ್ಥವಾದರೆ ಕಷ್ಟವಾಗುವುದು ನಮ್ಮೆಲ್ಲರ ಪುರೋಹಿತರಿಗೆ.

ಆದ್ದರಿಂದ ಬೋಧಕರೇ, ಪುಸ್ತಕದ ಜೊತೆಗೆ ಪ್ರಶ್ನೆ ಕೇಳುವ ಸ್ವಾತಂತ್ರ್ಯವನ್ನೂ ಹಂಚಿ. ಧರ್ಮರಕ್ಷಕರೇ, ಓದಿ, ಒಪ್ಪದಿದ್ದರೆ ಜಗಳ ಆಡಿ, ಬೇಡವೆನಿಸಿದರೆ ವಾಪಸು ಕೊಡಿ. ಬೆಂಕಿಪೊಟ್ಟಣ ಒಲೆಯ ಪಕ್ಕದಲ್ಲೇ ಇರಲಿ.

ಇಂತಿ,
ನಂಬದೆಯೂ ಓದುವ ಒಬ್ಬ ಕೋಲಾರದವನು