ಮಾರ್ಜಾಲಶಿಶುದಾನ ಮೀಮಾಂಸೆ

13ನೇ ಶತಮಾನದಲ್ಲಿ ದೇವಗಿರಿಯ ಯಾದವರ ಮಂತ್ರಿಯಾಗಿದ್ದ ಹೇಮಾದ್ರಿ ಪಂಡಿತನು ತನ್ನ ‘ಚತುರ್ವರ್ಗ ಚಿಂತಾಮಣಿ’ಯಲ್ಲಿ ದಾನಕ್ಕೆಂದೇ ಒಂದು ಖಂಡವನ್ನು ಮೀಸಲಿಟ್ಟನು. ತುಲಾಪುರುಷ, ಹಿರಣ್ಯಗರ್ಭ, ಗೋಸಹಸ್ರ ಮುಂತಾದ 16 ಮಹಾದಾನಗಳು ಶಾಸ್ತ್ರಪ್ರಸಿದ್ಧ. ಆ ಪಟ್ಟಿಯಲ್ಲಿ ಬೆಕ್ಕಿನ ಮರಿ ಇಲ್ಲ. ಸಾವಿರ ಹಸುಗಳನ್ನು ಒಂದೇ ದಿನ ಕೊಡಬಲ್ಲವರ ಕೊಟ್ಟಿಗೆಯಲ್ಲಿ ಒಂದು ಬೆಕ್ಕೂ ಮರಿ ಹಾಕಿರಲಿಲ್ಲವೆಂದು ನಂಬುವುದು ಕಷ್ಟ.

ಈ ಲೋಪಕ್ಕೆ ಕಾರಣ ತಾಂತ್ರಿಕವಾದದ್ದೆಂದು ನಮ್ಮ ಮತ. ದಾನವೆಂದರೆ ಧಾರೆ ಎರೆದು ಕೊಡುವುದು. ನೀರು ಬಿಡದಿದ್ದರೆ ದಾನ ಪೂರ್ತಿಯಾಗದು. ನೀರು ಬಿಟ್ಟರೆ ದೇಯವಸ್ತು ಕೈಯಲ್ಲಿ ಉಳಿಯದು. ಉಳಿಯುವುದು ಪರಚಿದ ಗಾಯ, ಅದೂ ದಾತೃ ಮತ್ತು ಪುರೋಹಿತ ಇಬ್ಬರಿಗೂ. ‘ದಾನಚಿಂತಾಮಣಿ’ ಅತ್ತಿಮಬ್ಬೆಯೂ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳೇ ಹೊರತು ಜೊತೆಗೊಂದು ಮರಿ ಕೊಟ್ಟಳೆಂಬ ದಾಖಲೆಯಿಲ್ಲ. ಕೊಟ್ಟಿದ್ದರೆ ಇಲಿಗಳ ಪಾಲಾದ ಎಷ್ಟೋ ಓಲೆಗರಿ ಉಳಿಯುತ್ತಿದ್ದವು ಎಂಬುದು ಅನುಮಾನಪ್ರಮಾಣ.

ಇನ್ನು ಲಕ್ಷಣ. ತನ್ನ ಮನೆಯ ಅಟ್ಟದ ಮೇಲೆ ತನ್ನನ್ನು ಕೇಳದೆ ಹುಟ್ಟಿದ್ದನ್ನು, ಇನ್ನೊಬ್ಬರನ್ನು ಸರಿಯಾಗಿ ಕೇಳದೆ ಅವರ ಮನೆಗೆ ದಾಟಿಸುವ ಕ್ರಿಯೆಗೆ ಮಾರ್ಜಾಲಶಿಶುದಾನವೆಂದು ಹೆಸರು. ಎಲ್ಲ ದಾನದಂತೆ ಇದಕ್ಕೂ ಆರು ಅಂಗಗಳು: ದಾತೃ, ಪ್ರತಿಗ್ರಹೀತೃ, ಶ್ರದ್ಧೆ, ದೇಯ, ದೇಶ, ಕಾಲ. ಇವುಗಳಲ್ಲಿ ಶ್ರದ್ಧೆಯ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಅಡುಗೆಮನೆಯಲ್ಲಿ ಐದು ಮರಿ ಕಾಲಿಗೆ ತೊಡರುವ ದಿನ ಅದು ತಾನಾಗಿಯೇ ಹುಟ್ಟುತ್ತದೆ.

ಕಷ್ಟವಿರುವುದು ಪ್ರತಿಗ್ರಹೀತೃವಿನಲ್ಲಿ. ಶ್ರೀವೈಷ್ಣವ ದರ್ಶನದಲ್ಲಿ ಎರಡು ನ್ಯಾಯಗಳಿವೆ. ಕೋತಿಯ ಮರಿ ತಾನೇ ತಾಯಿಯ ಹೊಟ್ಟೆಯನ್ನು ಅವಚಿಕೊಳ್ಳುತ್ತದೆ. ಬೆಕ್ಕಿನ ಮರಿಯನ್ನಾದರೋ ತಾಯಿಯೇ ಕಚ್ಚಿ ಒಯ್ಯುತ್ತದೆ. ಮುಕ್ತಿಗೆ ಜೀವನ ಪ್ರಯತ್ನ ಬೇಕೋ ಬೇಡವೋ ಎಂದು ವಡಗಲೆ ತೆಂಗಲೆಯವರು ಈ ಎರಡು ಮರಿಗಳನ್ನು ಮುಂದಿಟ್ಟುಕೊಂಡು ಶತಮಾನಗಳ ಕಾಲ ವಾದಿಸಿದ್ದಾರೆ. ನಮ್ಮ ಶಾಸ್ತ್ರದಲ್ಲಿ ಅಂಥ ವಿವಾದಕ್ಕೆ ಎಡೆಯಿಲ್ಲ. ಇಲ್ಲಿ ಪ್ರತಿಗ್ರಹೀತೃವೇ ಮರಿ. ದಾತೃ ಅವನ ಕತ್ತು ಹಿಡಿಯುತ್ತಾನೆ, ಅವನು ಕೈಕಾಲು ಬಿಟ್ಟು ನೇತಾಡುತ್ತಾನೆ.

ಹಿಡಿಯುವ ವಿಧಾನಗಳು ಹಲವು. ಮೂರು ವರ್ಷದ ಹಿಂದೆ ಯಾವುದೋ ಮದುವೆಯೂಟದ ಪಂಕ್ತಿಯಲ್ಲಿ ಕೂತಾಗ ಬಾಯಿತಪ್ಪಿ ಬಂದ “ನಮ್ಮನೇಲೂ ಇಲಿ ಕಾಟ ಕಣ್ರೀ” ಎಂಬ ಮಾತನ್ನು ಕಾದಿಟ್ಟುಕೊಂಡು ಪ್ರಯೋಗಿಸುವುದು ಒಂದು. ಅದಕ್ಕಿಂತ ಕ್ರೂರವಾದದ್ದು ಮಗುವಿನ ಮಡಿಲಿಗೆ ಮರಿಯನ್ನು ಹಾಕಿ, ಆಮೇಲೆ ತಾಯಿಯತ್ತ ತಿರುಗಿ “ಏನಂತೀರಿ ಅಕ್ಕಾ?” ಎನ್ನುವುದು. ಇದಕ್ಕೆ ಉತ್ತರ ಕೊಟ್ಟು ಗೆದ್ದ ತಾಯಿಯ ಉದಾಹರಣೆ ನಮಗೆ ಸಿಕ್ಕಿಲ್ಲ. ಮನೆಯೊಳಗೇ ಬೆಳೆದ ಬೆಕ್ಕು 15 ವರ್ಷ ಬದುಕಬಲ್ಲದು. ಐದನೇ ಕ್ಲಾಸಿನಲ್ಲಿ ಮರಿಯನ್ನು ಎದೆಗವಚಿಕೊಂಡ ಮಗು ಬೆಂಗಳೂರಿಗೋ ಟೆಕ್ಸಾಸಿಗೋ ಹೋಗಿ ನೆಲೆನಿಂತ ಮೇಲೂ, ಹಲ್ಲುದುರಿದ ಬೆಕ್ಕಿಗೆ ಅನ್ನ ಕಿವುಚಿ ಕಲಸುವವಳು ಅದೇ ತಾಯಿ. ಹಾಗಾಗಿ ಮಗುವಿಗೆ ಕೊಟ್ಟ ಮರಿ ವಾಸ್ತವದಲ್ಲಿ ತಾಯಿಗೆ ಕೊಟ್ಟದ್ದೆಂದೇ ಸಿದ್ಧಾಂತ. ಕೇಳುವುದಿದ್ದರೆ ಮೊದಲು ಅವಳನ್ನೇ ಕೇಳತಕ್ಕದ್ದು.

ಅನ್ನದ ಮಾತು ಬಂದದ್ದರಿಂದ ಇನ್ನೊಂದು. ಬೆಕ್ಕು ಕಟ್ಟಾ ಮಾಂಸಾಹಾರಿ. ಮಾಂಸ, ಮೀನಿನಲ್ಲಿರುವ ಟಾರಿನ್ ಸಿಗದಿದ್ದರೆ ಅದರ ಕಣ್ಣೂ ಹೃದಯವೂ ಕೆಡುತ್ತವೆ. ಮೊಸರನ್ನದ ಮನೆಗೆ ಮರಿಯನ್ನು ದಾಟಿಸುವ ದಾತೃವು “ಅದು ಹೇಗೋ ಹೊಂದಿಕೊಳ್ಳುತ್ತೆ” ಎನ್ನುವುದುಂಟು. ಹೊಂದಿಕೊಳ್ಳುವುದು ನಿಜ, ಪಕ್ಕದ ಮನೆಯ ಮೀನುಸಾರಿಗೆ.

ದೇಯವಸ್ತುವಿನ ವಿಚಾರಕ್ಕೆ ಬಂದರೆ, ಕೊಡುವ ಮರಿಗಳೆಲ್ಲವೂ ಗಂಡು. “ಗಂಡೇ ಕಣ್ರೀ, ಬೇಕಾದ್ರೆ ನೋಡ್ಕೊಳ್ಳಿ” ಎಂದು ಬಾಲವೆತ್ತಿ ತೋರಿಸಿದರೂ, ಎರಡು ತಿಂಗಳ ಮರಿಯಲ್ಲಿ ನೋಡಿ ತಿಳಿಯುವವರು ವಿರಳ. ಎರಡು ರಂಧ್ರಗಳ ನಡುವೆ ಅಂತರ ಹೆಚ್ಚಿದ್ದರೆ ಗಂಡು, ಒತ್ತೊತ್ತಾಗಿದ್ದರೆ ಹೆಣ್ಣು ಎಂಬುದು ಪಶುವೈದ್ಯರ ಸೂತ್ರ. ಕಪ್ಪು, ಬಿಳಿ, ಕೇಸರಿ ಮೂರೂ ಬಣ್ಣ ಮೈಮೇಲಿದ್ದರೆ ಬಾಲ ಎತ್ತುವ ಶ್ರಮವೂ ಬೇಡ. ಕಪ್ಪೋ ಕೇಸರಿಯೋ ಎಂಬುದನ್ನು ತೀರ್ಮಾನಿಸುವುದು ಎಕ್ಸ್ ವರ್ಣತಂತು, ಎರಡೂ ಬಣ್ಣ ಮೂಡಲು ಅಂಥವು ಎರಡು ಬೇಕು. ತ್ರಿವರ್ಣದ ಗಂಡು ಹುಟ್ಟುವುದು ತೀರ ಅಪರೂಪ. ಗೋತ್ರ ಕೇಳುವವರಿಗೂ ಒಂದು ಮಾತು: ಒಂದೇ ಸೂಲಿನ ನಾಲ್ಕು ಮರಿಗಳಿಗೆ ಇಬ್ಬರು ಮೂವರು ತಂದೆಯರಿರಬಹುದು. ಈ ಪ್ರಕರಣವನ್ನು ಇಲ್ಲಿಗೇ ಬಿಡುವುದು ಸಭ್ಯತೆ.

ಕಾಲದ ವಿಷಯದಲ್ಲಿ ದಾತೃಗಳಿಗೆ ಅವಸರ ಜಾಸ್ತಿ. ಕಣ್ಣುಬಿಟ್ಟ ಮಾರನೆಯ ದಿನವೇ ಕೈಚೀಲ ಹುಡುಕುವವರಿದ್ದಾರೆ. ಮರಿ ಕಣ್ಣು ತೆರೆಯುವುದು ಒಂದೆರಡು ವಾರದೊಳಗೆ. ತಾಯಿಯ ಹಾಲು ಬಿಡುವ ಹೊತ್ತಿಗೆ 8 ವಾರ. 12 ವಾರವಾದರೆ ಇನ್ನೂ ಉತ್ತಮ. ಎಷ್ಟು ಕಚ್ಚಿದರೆ ಆಟ, ಎಷ್ಟಕ್ಕೆ ಜಗಳ ಎಂಬ ವಿದ್ಯೆಯನ್ನು ಅದು ಒಡಹುಟ್ಟುಗಳ ಕಿವಿಯ ಮೇಲೆ ಅಭ್ಯಾಸ ಮಾಡುವುದು ಈ ಅವಧಿಯಲ್ಲೇ. ಮೊದಲೇ ಕಿತ್ತು ತಂದರೆ ಉಳಿದ ಪಾಠ ಮನೆಯವರ ಹಿಮ್ಮಡಿಯ ಮೇಲೆ ನಡೆಯುತ್ತದೆ. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂದು ಹಳ್ಳಿಯಲ್ಲಿ ಹೇಳುವುದನ್ನು ದಾತೃಗಳು ತಮ್ಮ ಪರವಾಗಿ ಉದ್ಧರಿಸುತ್ತಾರೆ. ಆದರೆ ತಾಯಿಬೆಕ್ಕು ಏಳು ಮನೆಗೂ ತಾನೇ ಜೊತೆಯಲ್ಲಿ ಹೋಗುತ್ತದೆ.

ಪಾಶ್ಚಾತ್ಯರಲ್ಲಿ ಮಾರ್ಸೆಲ್ ಮೋಸ್ ಎಂಬ ಫ್ರೆಂಚ್ ವಿದ್ವಾಂಸ 1925ರಲ್ಲಿ ಉಡುಗೊರೆಯ ಕುರಿತು ಪ್ರಸಿದ್ಧ ಪ್ರಬಂಧ ಬರೆದ. ಕೊಡಲೇಬೇಕು, ತೆಗೆದುಕೊಳ್ಳಲೇಬೇಕು, ಹಿಂದಿರುಗಿಸಲೇಬೇಕು: ಉಡುಗೊರೆಗೆ ಈ ಮೂರು ಕಟ್ಟುಗಳಿವೆ ಎಂದ. ಉದಾಹರಣೆಗಾಗಿ ಅವನು ಪಾಲಿನೇಷಿಯಾದವರೆಗೆ ಹುಡುಕುವ ಅಗತ್ಯವಿರಲಿಲ್ಲ. ಶಿರಸಿಯ ಕಡೆ ಒಂದು ಮಳೆಗಾಲ ಕಳೆದಿದ್ದರೆ ಸಾಕಿತ್ತು. ಹೆಣ್ಣುಮರಿ ಐದು ತಿಂಗಳಿಗೇ ಬೆದೆಗೆ ಬರಬಲ್ಲದು, ಗರ್ಭ ಸುಮಾರು 63 ದಿನ. ಎಂದಮೇಲೆ ಎರಡು ತಿಂಗಳ ‘ಗಂಡುಮರಿ’ಯನ್ನು ಕೊಟ್ಟ ಏಳನೆಯ ತಿಂಗಳಿಗೆ ಪ್ರತಿಗ್ರಹೀತೃವು ಬುಟ್ಟಿ ಹಿಡಿದು ದಾತೃವಿನ ಅಂಗಳಕ್ಕೆ ಬರುತ್ತಾನೆ. ಬುಟ್ಟಿಯಲ್ಲಿ ನಾಲ್ಕು. ಎಲ್ಲವೂ ಗಂಡು.

ರಾಜ್ಯವೇ ದಾತೃವಾದ ಪ್ರಸಂಗವೊಂದು ಜನಪ್ರಿಯ ಕಥೆಯಲ್ಲಿದೆ. ಇಲಿ ಕಾಟ ಹೆಚ್ಚಿತೆಂದು ಕೃಷ್ಣದೇವರಾಯನು ಮನೆಮನೆಗೂ ಒಂದು ಬೆಕ್ಕಿನ ಮರಿಯನ್ನೂ ಅದರ ಹಾಲಿಗೆಂದು ಒಂದು ಹಸುವನ್ನೂ ಕೊಡಿಸಿದ. ತೆನಾಲಿ ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಟ್ಟು ಮರಿಯ ಬಾಯಿ ಸುಟ್ಟ. ಅಲ್ಲಿಂದಾಚೆ ಅದು ಹಾಲು ಕಂಡರೆ ಓಡಿತು, ಹಾಲು ರಾಮಕೃಷ್ಣನ ಪಾಲಾಯಿತು. ತಪಾಸಣೆಯ ದಿನ ಬಡಕಲು ಬೆಕ್ಕು ಆಸ್ಥಾನದಲ್ಲಿ ನಗೆ ತರಿಸಿತು. ಮಕ್ಕಳ ಪುಸ್ತಕಗಳು ಇದನ್ನು ಜಾಣತನವೆಂದು ಹೇಳುತ್ತ ಬಂದಿವೆ; ನಾವು ಒಪ್ಪುವುದಿಲ್ಲ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಸುವಿನ ಹಾಲು ಜೀರ್ಣವಾಗುವುದಿಲ್ಲ ನಿಜ, ಆದರೆ ಬಾಯಿ ಸುಡುವುದು ಅದಕ್ಕೆ ಚಿಕಿತ್ಸೆಯಲ್ಲ. ಗಮನಿಸಬೇಕಾದ್ದು ಹಸುವನ್ನು. ರಾಯನಿಗೆ ಮರಿಯ ಜೊತೆಗೆ ಅದರ ಖರ್ಚನ್ನೂ ಕೊಡಬೇಕೆಂದು ಗೊತ್ತಿತ್ತು. ಮುಂದಿನ ದಾತೃಗಳು ಮರಿಯನ್ನು ಉಳಿಸಿಕೊಂಡು ಹಸುವನ್ನು ಕೈಬಿಟ್ಟರು.

ಗೀತೆ ದಾನವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಮೂರನೆಯದು ತಾಮಸ: ಹೊತ್ತಲ್ಲದ ಹೊತ್ತಿನಲ್ಲಿ, ತಾಣವಲ್ಲದ ತಾಣದಲ್ಲಿ, ಅವಜ್ಞೆಯಿಂದ ಕೊಡುವುದು. ಕತ್ತಲಾದ ಮೇಲೆ ಗೋಣಿಚೀಲದ ಬಾಯಿ ಕಟ್ಟಿ ಮೀನುಮಾರುಕಟ್ಟೆಯ ಹಿಂದೆ ಬಿಟ್ಟುಬರುವವರು “ದೇವರು ನೋಡ್ಕೋತಾನೆ” ಎನ್ನುತ್ತಾರೆ. ನೋಡಿಕೊಳ್ಳುವವು ನಾಯಿಗಳು. ಸಾಕಿದ್ದನ್ನು ಹಸಿವಿಗೆ ಬಿಟ್ಟು ಕೈತೊಳೆದುಕೊಳ್ಳುವುದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ ಪ್ರಕಾರ ಅಪರಾಧ. ಹಾಸ್ಯಕ್ಕೆ ಇಲ್ಲಿ ಜಾಗವಿಲ್ಲ.

ಇನ್ನು ಕೊನೆಯ ಪೂರ್ವಪಕ್ಷ: ಐದಾರು ತಿಂಗಳೊಳಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಮರಿಗಳೇ ಇರವು, ಮರಿಗಳಿಲ್ಲದಿದ್ದರೆ ಈ ಶಾಸ್ತ್ರದ ಗತಿಯೇನು? ಸಮಾಧಾನ ಸುಲಭ. ಚಿಕಿತ್ಸೆ ಮಾಡಿಸಬೇಕೆಂದು ಎಲ್ಲರೂ ಒಪ್ಪುತ್ತಾರೆ, ಅದು ದಾತೃವಿನ ಕೆಲಸವೋ ಪ್ರತಿಗ್ರಹೀತೃವಿನ ಕೆಲಸವೋ ಎಂಬ ಚರ್ಚೆ ಮುಗಿಯುವುದರೊಳಗೆ ಬೆಕ್ಕು ಅಟ್ಟ ಹತ್ತಿರುತ್ತದೆ. ಶಾಸ್ತ್ರಕ್ಕೆ ಸದ್ಯ ಅಪಾಯವಿಲ್ಲ.

ಆದರೂ ತೀರ್ಪು ಬೇಕೆನ್ನುವವರಿಗೆ ಧರ್ಮಶಾಸ್ತ್ರದಲ್ಲೇ ದಾರಿಯಿದೆ. ದಕ್ಷಿಣೆಯಿಲ್ಲದ ದಾನ ನಿಷ್ಫಲ. ದಕ್ಷಿಣೆಯನ್ನು ಕೊಡಬೇಕಾದವನು ದಾನಿಯೇ. ರಾಯನ ಹಸುವೂ ಅದೇ. ಆದ್ದರಿಂದ ಮರಿಯ ಜೊತೆ ದಾತೃವು ಸಲ್ಲಿಸತಕ್ಕದ್ದು: 8 ವಾರದ ಸುಮಾರಿಗೆ ಹಾಕಿಸಿದ ಮೊದಲ ಲಸಿಕೆಯ ಕಾರ್ಡು, ಮೂರು ತಿಂಗಳಿಗೆ ರೇಬೀಸ್ ಲಸಿಕೆಯ ಹಣ, ಜಂತುಹುಳದ ಔಷಧ, ಶಸ್ತ್ರಚಿಕಿತ್ಸೆಯ ಖರ್ಚು, ಒಗ್ಗದಿದ್ದರೆ ಯಾವಾಗ ಬೇಕಾದರೂ ವಾಪಸು ಪಡೆಯುತ್ತೇನೆಂಬ ಮಾತು. ಈ ಪಟ್ಟಿಯನ್ನು ನಮ್ಮ ಓಣಿಯ ದಾನಿಗಳಿಗೆ ಓದಿ ಹೇಳಲಾಯಿತು. ಹೆಚ್ಚಿನವರಿಗೆ ತಮ್ಮ ಮನೆಯಲ್ಲೇ ಇಲಿಗಳು ಜಾಸ್ತಿಯಾಗಿರುವುದು ಆಗ ನೆನಪಾಯಿತು.